ಮಾವನ ಹರಳು

ನಮ್ಮ ಸೋದರಮಾವನಿಗೆ ಹೊತ್ತು ಗೊತ್ತು ಒಂದೂ ಇಲ್ಲ ಅನ್ನುವುದು ಇಡೀ ಶಿರಾಕ್ಕೆ ಗೊತ್ತಿತ್ತು! ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ಭಾನುವಾರ ಸ್ಕೂಲಿಗೆ ಹೋಗಿ, ಖಾಲಿ ಕ್ಲಾಸಿನಲ್ಲಿ ಕಾದು ಕಾದು, ಈಗಿನ ಮಕ್ಕಳಿಗೆ ಶಿಸ್ತೇ ಇಲ್ಲವೆಂದು ಬೈಯುತ್ತಾ ಮನೆಗೆ ಬಂದವರು. ಇಂಥವರು ಗಡಿಯಾರ ಮಾಡಲು ಹೊರಟರೆ ಊರು ನಗದೆ ಇರುತ್ತದೆಯೇ?

ಆದರೆ ಕಾರಣ ನಗುವಂಥದ್ದಲ್ಲ. ನಮ್ಮತ್ತೆಗೆ ಮೂರ್ಛೆ ರೋಗ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದರೆ ಏನೂ ಇಲ್ಲ. ತಪ್ಪಿದರೆ ಮೈಯೆಲ್ಲ ನಡುಗಿ ಬಿದ್ದುಬಿಡುವರು. ಒಮ್ಮೆ ಒಲೆಯ ಪಕ್ಕದಲ್ಲೇ ಬಿದ್ದಿದ್ದರು. ಅವರಿಗೆ ಗಡಿಯಾರ ನೋಡಲು ಬಾರದು, ಹಗಲು ಮನೆಯಲ್ಲಿ ಇನ್ಯಾರೂ ಇಲ್ಲ. ಎಂಬತ್ತರ ದಶಕದ ಆ ದಿನಗಳಲ್ಲಿ ನಾನು ಟೈಪಿಸ್ಟ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ.

"ಅಲಾರಂ ಗಡಿಯಾರ ತಂದ್ರೆ ಆಗಲ್ವಾ ಮಾವ?" ಅಂದೆ.

"ಅದಕ್ಕೆ ದಿನಾ ಕೀ ಕೊಡೋರು ಯಾರು? ನಾನಾ?" ಅಂದರು. ಅವರ ಗುಣ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಮಾತ್ರೆಯ ಹೊತ್ತಿಗೆ ತಾನೇ ಬೆಲ್ಲು ಹೊಡೆಯುವ ಗಡಿಯಾರಕ್ಕೆಂದು ಬೆಂಗಳೂರಿನಿಂದ ಮೈಕ್ರೋಪ್ರೊಸೆಸರ್ ಬಂತು. ಕಪ್ಪು ಚಿಪ್ಪು, ಎರಡೂ ಕಡೆ ಜರಿಹುಳುವಿನ ಹಾಗೆ ಕಾಲು!

"ಇದಕ್ಕೆ ಬುದ್ಧಿ ಐತೆ ಕಣಮ್ಮ, ಹೊತ್ತು ಮಾತ್ರ ಗೊತ್ತಾಗಲ್ಲ. ಪಕ್ಕದಲ್ಲಿ ಇನ್ನೊಬ್ಬರು ತಾಳ ಹಾಕ್ತಾನೇ ಇರ್ಬೇಕು. ತಾಳ ತಪ್ಪಿದ್ರೆ ಲೆಕ್ಕಾನೂ ತಪ್ತೈತೆ."

"ಥೇಟ್ ನಿಮ್ಮಂಗೇ ಅನ್ನಿ!" ಅಂದರು ಅತ್ತೆ ಒಳಗಿನಿಂದ.

ಮೊದಲು ರೆಸಿಸ್ಟರು, ಕೆಪಾಸಿಟರು ಜೋಡಿಸಿ ತಾಳ ಹಾಕಿಸಿದರು. ಶಿರಾ ಬಿಸಿಲು ಕೇಳಬೇಕೆ! ಆ ಜೋಡಿ ಕಾದಂತೆಲ್ಲ ತಾಳ ಎಲ್ಲೆಲ್ಲೋ ಹೋಗುತ್ತಿತ್ತು. ಮಧ್ಯಾಹ್ನದ ಬೆಲ್ಲು ಒಂದು ದಿನ ಸಾರು ಕುದಿಯುವ ಮುಂಚೆ, ಇನ್ನೊಂದು ದಿನ ಪಾತ್ರೆ ತೊಳೆದಿಟ್ಟ ಮೇಲೆ. ಮಾವನಿಗೆ ಅನ್ನ ಸೇರದಾಯಿತು. ಬಿಸಿಲಿಗೆ ಬಗ್ಗದೆ ತಾಳ ಹಾಕುವುದು ಸ್ಫಟಿಕದ ಹರಳೊಂದೇ ಎಂದು ತೀರ್ಮಾನಿಸಿ, ಗೌಡಗೆರೆಯಿಂದ ಬಂದಿದ್ದ ಅತ್ತೆಯ ತಮ್ಮನಿಗೆ ಹೇಳಿದರು: "ಯಂತ್ರ ಸರಿಯಾಗಿ ಓಡೋಕೆ ಒಂದು ಹರಳು ಬೇಕು ಕಣಯ್ಯ, ಎಲ್ಲಾದ್ರೂ ಸಿಕ್ಕಿದ್ರೆ ತಾ."

ಮುಂದಿನ ವಾರ ಆತ ಬಸ್ಸಿನ ಟಾಪಿನಿಂದ ಮೂಟೆ ಇಳಿಸಿದ. ಮೂಟೆ ತುಂಬ ಹೊಲದ ಹರಳು, ಹರಳೆಣ್ಣೆ ತೆಗೆಯುವ ಬೀಜ!

"ಒಂದ್ಯಾಕ್ ಭಾವ, ಮೂಟೇನೇ ತಂದ್ಬುಟ್ಟೆ! ಎಣ್ಣೆ ತೆಗೆಸಿ ಯಂತ್ರಕ್ಕೆ ಎಷ್ಟ್ ಬೇಕೋ ಅಷ್ಟ್ ಬುಡಿ!"

ಆ ವರ್ಷವೆಲ್ಲ ನಮ್ಮ ತಲೆಗೆ ಹರಳೆಣ್ಣೆಯೇ.

ಕೊನೆಗೆ ಮಾವ ತಾವೇ ಬೆಂಗಳೂರಿಗೆ ಹೋಗಿ ತಂದರು. ಹುಣಸೆ ಬೀಜದಷ್ಟು ತಗಡಿನ ಡಬ್ಬಿ. ಒಳಗೆ ಸ್ಫಟಿಕದ ತೆಳ್ಳನೆ ಬಿಲ್ಲೆಯಂತೆ. ಅದನ್ನು ಕೂರಿಸಿದ್ದೇ ತಡ, ಬೆಲ್ಲು ರೇಡಿಯೋ ವಾರ್ತೆಯ ಜೊತೆ ಜೊತೆಗೇ ಬಾರಿಸತೊಡಗಿತು! ಬಿಸಿಲಿಗೂ ಅಷ್ಟೇ, ಚಳಿಗೂ ಅಷ್ಟೇ. ನಮ್ಮ ಕಡೆ ಕಲ್ಲಿಗೇನು ಬರವೇ? ಹುಟ್ಟಿದಾಗಿನಿಂದ ಕಲ್ಲು ನೋಡಿದವಳು ನಾನು. ಆದರೂ ಕಲ್ಲಿನ ಒಂದು ಚೂರಿಗೆ ಇಷ್ಟು ನಿಯತ್ತು ಎಲ್ಲಿಂದ ಬಂತೆಂದು ಬೆರಗಾಗಿ ಅದರ ಮುಂದೆ ಕೂತುಬಿಡುತ್ತಿದ್ದೆ.

ಒಂದು ದಿನ ಅತ್ತೆಯೂ ಬಂದು ಕೂತರು. "ಒಳಗಡೆ ಅದು ಏನ್ ಮಾಡ್ತೈತ್ರಿ?"

"ನಡುಗ್ತೈತೆ ಕಣೆ," ಅಂದರು ಮಾವ ಉತ್ಸಾಹದಿಂದ. "ನೀನು ಕಣ್ಣು ಮಿಟುಕ್ಸೋದ್ರೊಳಗೆ ಲಕ್ಷಾಂತರ ಸಲ! ಹಗಲೂ ರಾತ್ರಿ, ಪುರುಸೊತ್ತೇ ಇಲ್ಲ."

ಅತ್ತೆಯ ಮುಖ ಸಣ್ಣದಾಯಿತು. ಆ ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, "ಅಯ್ಯೋ ಪಾಪ, ಅದಕ್ಕೂ ನನ್ನಂಗೇನಾ?" ಅಂದರು.

ಮಾವ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಲ್ಲ ಕಣೆ. ನೀನು ನಡುಗ್ಬಾರ್ದು ಅಂತ ಅದು ನಡುಗ್ತೈತೆ."