ಕಲ್ಲಾದ ಅತ್ತೆಗೆ ವಿಷ ಏರುತ್ತದೆಯೇ?

ಅತ್ತೆಯನ್ನು ಕೊಲ್ಲಬೇಕೋ ಉಳಿಸಿಕೊಳ್ಳಬೇಕೋ ಎಂದು ಇಡೀ ವಾರ ತಲೆ ಕೆಡಿಸಿಕೊಂಡ ಸೊಸೆಯರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಇದ್ದರೂ ಅವರು ಬಾಯಿಬಿಟ್ಟು ಹೇಳುವವರಲ್ಲ. ನಾನು ಹೇಳುತ್ತಿದ್ದೇನೆ, ಏಕೆಂದರೆ ನನ್ನ ಗಂಡ ಈಗಾಗಲೇ ಕೊಪ್ಪ ಪೇಟೆಯಲ್ಲೆಲ್ಲ ಹೇಳಿ ಆಗಿದೆ. ಹಾಲಿನ ಅಂಗಡಿಯಲ್ಲಿ ನಿಂತು, "ಈ ಭಾನುವಾರ ನಮ್ಮನೆಯವಳು ಅಮ್ಮನ್ನ ಸಾಯಿಸ್ತಾಳೋ ಬಿಡ್ತಾಳೋ ನೋಡ್ಬೇಕು ಮಾರಾಯ" ಎಂದರಂತೆ. ಅಂದಿನಿಂದ ಎದುರು ಮನೆಯವರು ದಿನಕ್ಕೊಂದು ನೆಪ ಹಿಡಿದು ಬಂದು, ಅತ್ತೆ ಓಡಾಡಿಕೊಂಡಿದ್ದಾರೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು.

ವಿಷಯ ಇಷ್ಟೆ. ನಾನು ಬಾಳಗಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ಕೂತು ನಾಲ್ವರು ಒಂದು ಆಟ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುವುದು, ಕಾಡು, ಗುಹೆ, ರಾಕ್ಷಸ ಎಲ್ಲವನ್ನೂ ಬಾಯಲ್ಲೇ ಕಟ್ಟುವುದು, ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುವುದು. ಕತೆ ನಡೆಸುವವಳು, ರಾಕ್ಷಸರ ಪರವಾಗಿ ಹೊಡೆದಾಡುವವಳು, ಜಗಳ ಬಂದರೆ ತೀರ್ಪು ಕೊಡುವವಳು ನಾನು. ಇದಕ್ಕೆ ಗೇಮ್ ಮಾಸ್ಟರ್ ಎನ್ನುತ್ತಾರೆ. ನನ್ನ ಸಹೋದ್ಯೋಗಿ ಮಹೇಶ, ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ಬಂದು ಆಡುವವನು, ಅದನ್ನು "ಆಟದ ಯಜಮಾನಿ" ಎಂದು ಕನ್ನಡಕ್ಕೆ ತಂದ. ನಮ್ಮ ಮನೆಯಲ್ಲಿ ಯಜಮಾನಿಯ ಹುದ್ದೆ ಖಾಲಿ ಇಲ್ಲ. ಆ ಮಾತು ಕಿವಿಗೆ ಬಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಒಮ್ಮೆ ಕೆಮ್ಮಿದ್ದರು.

ಅತ್ತೆ ಮೊದಮೊದಲು ಬೀನ್ಸಿನ ನಾರು ತೆಗೆಯುತ್ತ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಚೌಕಾಬಾರದಲ್ಲಿ ತಮ್ಮ ತವರೂರು ಮೆಣಸೆಯನ್ನೇ ಇಡಿಯಾಗಿ ಸೋಲಿಸಿ ಮದುವೆಯಾಗಿ ಬಂದವರು. ಗರ ಬೀಳುವ ಸದ್ದು ಕೇಳಿಕೊಂಡು ಎಷ್ಟು ದಿನ ಸುಮ್ಮನಿದ್ದಾರು? ಒಂದು ಭಾನುವಾರ "ನಂಗೂ ಒಂದು ವೇಷ ಕೊಡೇ" ಎಂದರು. ಋಷಿಪತ್ನಿಯೋ ನಾಟಿವೈದ್ಯೆಯೋ ಆಗುತ್ತಾರೆಂದುಕೊಂಡೆ. ಅವರು ಆರಿಸಿಕೊಂಡದ್ದು ಕತ್ತಿ ಕಾವೇರಿ ಎಂಬ ದರೋಡೆಗಾರ್ತಿಯನ್ನು. ಸೊಂಟದಲ್ಲಿ ಎರಡು ಕತ್ತಿ, ಬಾಯಲ್ಲಿ ಎಲೆಅಡಿಕೆ, ಯಾರ ಮಾತನ್ನೂ ಕೇಳದ ಸ್ವಭಾವ. ಕೊನೆಯದಕ್ಕೆ ಅಭ್ಯಾಸ ಬೇಕಾಗಲಿಲ್ಲ. ಅದಕ್ಕೂ ಮೊದಲು ನಾವಿಬ್ಬರೂ ಆಡುತ್ತಿದ್ದ ಮಾತು ಕುಕ್ಕರಿನ ಸೀಟಿ ಮತ್ತು ಹಾಲಿನ ಲೆಕ್ಕದಾಚೆ ಹೋಗುತ್ತಿರಲಿಲ್ಲ. ಈಗ ಚಟ್ನಿಗೆ ಕಾಯಿ ತುರಿಯುತ್ತ, "ಅಲ್ಲ ಮಾರಾಯ್ತಿ, ಆ ಕೋಟೆಗೆ ಹಿಂಬಾಗಿಲು ಉಂಟಾ?" ಎಂದು ಕೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ನನಗೆ ಅತ್ತೆ ಸಿಕ್ಕಿದ್ದು ಆ ದರೋಡೆಗಾರ್ತಿಯ ದೆಸೆಯಿಂದ.

ಆಟದ ನಿಯಮಗಳನ್ನು ಅಲ್ಲಿ ಇಲ್ಲಿ ನೋಡಿ ನಾನೇ ಕನ್ನಡದಲ್ಲಿ ಹೊಂದಿಸಿಕೊಂಡಿದ್ದೆ. ಒಬ್ಬನಿಗೆ ಒಂದು ಕಷ್ಟ ಬಂದರೆ ಏನು ಮಾಡಬೇಕೆಂದು ಅದರಲ್ಲಿ ಚೆನ್ನಾಗಿ ಇದೆ. ಎರಡು ಕಷ್ಟ ಒಟ್ಟಿಗೆ ಬಂದರೆ ನಿಯಮ ಕೈಯೆತ್ತಿಬಿಡುತ್ತದೆ. ಮಹೇಶನ ಸಿಪಾಯಿ ಒಮ್ಮೆ ಕುಡಿದು ತೂರಾಡುತ್ತಿದ್ದಾಗಲೇ ಭೂತ ಕಂಡು ಹೆದರಿದ. ಹೆದರಿದವನು ಓಡಲೇಬೇಕು, ಕುಡಿದವನು ಓಡಲಾರ ಎಂದು ನಿಯಮ. ನಿಂತಲ್ಲೇ ಬಿದ್ದ ಎಂದು ತೀರ್ಪು ಕೊಟ್ಟೆ. "ನಮ್ಮೂರಿನ ಕೊನೇ ಬಸ್ಸಲ್ಲಿ ಒಂದ್ಸಲ ಬನ್ನಿ ಮೇಡಂ, ಎಂಥಾ ಕುಡುಕನೂ ಹೆಂಡ್ತಿ ಕಂಡ್ರೆ ಓಡ್ತಾನೆ" ಎಂದು ವಾದಿಸಿದ. ಇನ್ನೊಮ್ಮೆ ಅದೇ ಸಿಪಾಯಿ ನಿದ್ದೆಯ ಮಂತ್ರ ತಗುಲಿ ಹೊಳೆಗೆ ಬಿದ್ದ. ನಿದ್ದೆಯಲ್ಲಿರುವವನು ಈಜಲಾರ ಎಂದು ಮುಳುಗಿಸಿಯೇ ಬಿಟ್ಟೆ. ಪಾಪ, ಒಂದು ಮಾತೂ ಆಡದೆ ಬಸ್ಸು ಹತ್ತಿ ಹೋಗಿ ಮುಂದಿನ ವಾರ ಹೊಸ ಪಾತ್ರದೊಡನೆ ಬಂದ. ಈ ಒಂದು ತೀರ್ಪು ಆಮೇಲೆ ನನ್ನ ಕುತ್ತಿಗೆಗೆ ಬಂತು.

ಆ ಭಾನುವಾರ ಗುಹೆಯೊಳಗೆ ದೊಡ್ಡ ಹಲ್ಲಿಯೊಂದು ಕತ್ತಿ ಕಾವೇರಿಯನ್ನು ಕಚ್ಚಿತು. ವಿಷ ಏರಿತು, ಸುತ್ತಿಗೊಮ್ಮೆ ಪ್ರಾಣ ಇಳಿಯತೊಡಗಿತು. ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ನಫೀಸಾ ನಮ್ಮ ಆಟದ ಮಾಂತ್ರಿಕಿ. ಅತ್ತೆಯನ್ನು ಉಳಿಸಬೇಕೆಂದು ಅವಳು ಹಲ್ಲಿಯನ್ನು ಕಲ್ಲು ಮಾಡುವ ಮಂತ್ರ ಹಾಕಿದಳು. ದಾಳದಲ್ಲಿ ಒಂದು ಬಿತ್ತು. ಒಂದು ಬಿದ್ದರೆ ಮಂತ್ರ ಪಕ್ಕದಲ್ಲಿದ್ದವರಿಗೇ ತಗುಲಬೇಕು. ಹಲ್ಲಿ ಹಲ್ಲಿಯಾಗಿಯೇ ಓಡಿಹೋಯಿತು, ಅತ್ತೆ ಕಲ್ಲಾದರು.

ಈಗ ಹೇಳಿ, ಕಲ್ಲಾದವರಿಗೆ ವಿಷ ಏರುತ್ತದೆಯೇ? "ರಕ್ತವೇ ಇಲ್ಲದ ಮೇಲೆ ವಿಷ ಹರಿಯೋದು ಎಲ್ಲಿ?" ಎಂದು ನಫೀಸಾ. "ಕಲ್ಲಾದ್ರೆ ವಿಷ ಹೋಯ್ತು ಅಂತ ಎಲ್ಲಿದೆ? ನನ್ನ ಸಿಪಾಯಿಗೊಂದು ನ್ಯಾಯ, ಅಮ್ಮಂಗೊಂದು ನ್ಯಾಯವಾ ಮೇಡಂ?" ಎಂದು ಮಹೇಶ. ನಾನು ಅತ್ತೆಯ ಮುಖ ನೋಡಿದೆ. ಅವರು ರೆಪ್ಪೆ ಹೊಡೆಯಲಿಲ್ಲ. ಕಲ್ಲಾದ ಮೇಲೆ ಮಾತಾಡಬಾರದೆಂಬ ನಿಯಮವನ್ನು ಅಕ್ಷರಶಃ ಪಾಲಿಸುತ್ತ, ಎಡಗೈಯಲ್ಲಿ ಕೋಡುಬಳೆ ಎತ್ತಿ ಹಿಡಿದವರು ಹಾಗೇ ಕೂತಿದ್ದರು. ನನ್ನ ಗಂಡ ಬಂದು "ಅಮ್ಮ, ಕಾಫಿ" ಎಂದರೂ ಕದಲಲಿಲ್ಲ. ಮಹೇಶನ ಬಸ್ಸಿನ ಹೊತ್ತಾಯಿತು, ತೀರ್ಪು ಮುಂದಿನ ವಾರಕ್ಕೆ ಹೋಯಿತು.

ಮರುದಿನ ಅಕ್ಕಿ ಆರಿಸುತ್ತ ಅತ್ತೆ ಹೇಳಿದರು, "ನಾನು ಇದೀನೋ ಸತ್ತಿದೀನೋ ಸರಿಯಾಗಿ ನೋಡಿ ಹೇಳು. ದಾಕ್ಷಿಣ್ಯಕ್ಕೆ ಬದುಕಿಸೋದು ಬೇಡ. ಸತ್ರೆ ಸತ್ತೆ, ಭಾನುವಾರ ತಂಗಿ ಮನೆಗೆ ಹೋಗಿ ಬರ್ತೇನೆ. ಇನ್ನೊಂದು ವೇಷ ಎಲ್ಲ ನಂಗೆ ಬೇಡ." ಕಾವೇರಿ ಹೋದರೆ ನಮ್ಮಿಬ್ಬರ ಮಾತು ಮತ್ತೆ ಕುಕ್ಕರಿನ ಸೀಟಿಗೆ ಬಂದು ನಿಲ್ಲುತ್ತದೆ. ಸುಮ್ಮನೆ ಬದುಕಿಸಿದರೆ ಮಹೇಶನಿಗೆ ಮೋಸ, ಅತ್ತೆಗೂ ಅವಮಾನ. ತರಗತಿಯಲ್ಲಿ ಬೇಡಿಕೆ, ಪೂರೈಕೆ ಎನ್ನುವಾಗಲೂ ನನ್ನ ತಲೆಯಲ್ಲಿ ಕಲ್ಲು, ವಿಷ, ಕಲ್ಲು, ವಿಷ. ಗಂಡನನ್ನು ಕೇಳಿದರೆ, "ನಿಮ್ಮಿಬ್ಬರ ನಡುವೆ ನಾನು ಯಾವತ್ತಾದರೂ ತೀರ್ಪು ಕೊಟ್ಟಿದ್ದುಂಟಾ?" ಎಂದು ಜಾರಿಕೊಂಡರು.

ಭಾನುವಾರ ಬಂತು. ನಾನು ಸೋತವಳಂತೆ ಕೂತು, "ಎರಡು ತೊಂದರೆ ಒಂದರ ಮೇಲೊಂದು ಬಂದರೆ ಏನು ಮಾಡಬೇಕು, ನೀವೇ ಹೇಳಿ" ಎಂದೆ. ಅತ್ತೆಗೆ ತಡೆಯಲಾಗಲಿಲ್ಲ. ಕಲ್ಲು ಬಾಯಿ ತೆರೆಯಿತು. "ಇದೆಂತ ದೊಡ್ಡ ಪ್ರಶ್ನೆ? ಒಂದು ಸೂತಕ ನಡೀವಾಗ ಅಂಥದ್ದೇ ಇನ್ನೊಂದು ಬಂದ್ರೆ, ಮೊದಲಿಂದು ಮುಗಿಯೋವಾಗ ಎರಡನೇದೂ ಮುಗೀತದೆ. ನಮ್ಮಲ್ಲಿ ಮೊದಲಿಂದ ಹೀಗೇ."

"ಅತ್ತೆ, ಮೊದಲು ಬಂದದ್ದು ವಿಷ" ಎಂದೆ ಮೆಲ್ಲಗೆ. "ವಿಷ ಮುಗಿಯುವುದು ಎಂದರೆ ನೀವು ಮುಗಿಯುವುದು."

"ಹೌದಲ್ಲೇ!" ಎಂದವರೇ ಅತ್ತೆ ತಮ್ಮ ಸಾವನ್ನು ತಾವೇ ಒಪ್ಪಿಕೊಂಡು ದಾಳವನ್ನು ನನ್ನ ಕಡೆ ತಳ್ಳಿದರು. ಮಹೇಶನಿಗೇ ಕಸಿವಿಸಿಯಾಯಿತು. "ನಮ್ಮಲ್ಲಿ ಸೂತಕವೇ ಇಲ್ಲಮ್ಮ. ಆ ಲೆಕ್ಕದಲ್ಲಿ ವಿಷವೂ ಇಲ್ಲ ಅನ್ನೋಣ್ವಾ?" ಎಂದ. ಅತ್ತೆ "ಹಾಗೆಲ್ಲ ರಿಯಾಯಿತಿ ಬೇಡ" ಎಂದು ತಲೆಯಾಡಿಸಿದರು.

ಆಗ ನಫೀಸಾ ಹೇಳಿದಳು, "ಅಮ್ಮ, ನಮ್ಮಲ್ಲಿ ರೋಜಾ ಟೈಮಲ್ಲಿ ದೂರ ಪ್ರಯಾಣ ಬಂದ್ರೆ ಉಪವಾಸ ಬಿಡಬಹುದು. ಆದ್ರೆ ಬಿಟ್ಟಿದ್ದನ್ನ ಆಮೇಲೆ ಹಿಡೀಲೇಬೇಕು. ಅದು ಮಾಫಿ ಅಲ್ಲ, ಮುಂದಕ್ಕೆ ಹಾಕೋದು ಅಷ್ಟೆ. ಅಮ್ಮ ಕಲ್ಲಾಗಿರೋವರೆಗೆ ವಿಷ ಕಾಯ್ಲಿ. ಕಲ್ಲು ಕರಗಿದ ಕೂಡ್ಲೇ ಉಳಿದದ್ದು ಶುರುವಾಗ್ಲಿ."

ನಂತರ ಮಹೇಶ, "ಇದಕ್ಕೆ ನಂದೇನೂ ತಕರಾರಿಲ್ಲ" ಎಂದ. ಅತ್ತೆ ನಫೀಸಾಳ ಬೆನ್ನು ತಟ್ಟಿ, "ನೋಡು, ಇದು ನ್ಯಾಯ" ಎಂದವರೇ ಮತ್ತೆ ಕೋಡುಬಳೆ ಎತ್ತಿ ಹಿಡಿದು ಕಲ್ಲಾದರು. ನನಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು. ಯಜಮಾನಿಯೇ ಅತ್ತರೆ ಮರ್ಯಾದೆ ಇರುವುದಿಲ್ಲವೆಂದು ಎದ್ದು ಕಾಫಿ ಮಾಡಲು ಹೋದೆ.

ಅಲ್ಲಿಂದ ಕೆಲವು ಭಾನುವಾರ ಮಹೇಶ, ನಫೀಸಾ ವಿಷಕ್ಕೆ ಬೇರು ಹುಡುಕುತ್ತ ಕಾಡು ಅಲೆದರು. ಅತ್ತೆ ಮೇಜಿನ ತುದಿಯಲ್ಲಿ ಕಲ್ಲಾಗಿ ಕೂತರು. ಕಲ್ಲು ಕಾಫಿ ಮಾಡುವುದಿಲ್ಲ, ಅವಲಕ್ಕಿ ಕಲಸುವುದಿಲ್ಲ. ಅದೆಲ್ಲ ನನ್ನ ಪಾಲಿಗೆ ಬಂತು. ಕೊನೆಗೆ ಬೇರು ಸಿಕ್ಕಿತು, ನಫೀಸಾ ಮಂತ್ರ ಹಿಂತೆಗೆದಳು, ಕಲ್ಲು ಕರಗಿತು, ಬೇರಿಗೆ ವಿಷ ಇಳಿಯುತ್ತದೋ ಇಲ್ಲವೋ ಎಂದು ಅತ್ತೆ ಉಸಿರು ಬಿಗಿಹಿಡಿದು ಗರ ಹಾಕಿದರು. ಒಳ್ಳೆಯ ಗರ ಬಿತ್ತು. ಕತ್ತಿ ಕಾವೇರಿ ಎದ್ದು ನಿಂತಳು. ನಾವೆಲ್ಲ ಕೂಗಿದ ಕೂಗಿಗೆ ಎದುರು ಮನೆಯವರು, ಆಗಿಹೋಯಿತೇನೋ ಎಂದು ಓಡಿ ಬಂದರು.

ಎಲ್ಲರೂ ಹೋದ ಮೇಲೆ ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆಗಳು ರಾಶಿ ಬಿದ್ದಿದ್ದವು. ಇಷ್ಟು ದೊಡ್ಡ ಆಟ ನಡೆಸಿದವಳಿಗೆ ಇವತ್ತಾದರೂ ವಿನಾಯಿತಿ ಸಿಗಬಹುದೆಂದು, "ಅತ್ತೆ, ನಾನು ಆಟದ ಯಜಮಾನಿಯಾಗಿದ್ದ ಹೊತ್ತಿನ ಪಾತ್ರೆ ಇವು" ಎಂದು ಹಲ್ಲು ಕಿರಿದೆ. ಅತ್ತೆ ನನ್ನನ್ನೂ ಪಾತ್ರೆಗಳನ್ನೂ ನೋಡಿದರು.

"ಮಾಫಿ ಅಲ್ಲ ಮಾರಾಯ್ತಿ, ಮುಂದಕ್ಕೆ ಹಾಕಿದ್ದು ಅಷ್ಟೆ. ತೊಳಿ" ಎಂದು ನಲ್ಲಿ ತಿರುಗಿಸಿದರು. ಆಮೇಲೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತು, ಧ್ವನಿ ತಗ್ಗಿಸಿ ಕೇಳಿದರು: "ಅಲ್ಲ, ಆ ಹಲ್ಲಿ ಯಾವ ಕಡೆ ಓಡಿಹೋಯ್ತು ಅಂದೆ?"