ಮುನ್ನೂರು ಜನರನ್ನು ದಡ ಹತ್ತಿಸಿದ್ದು

“ಈ ಪ್ರವಾಸದಲ್ಲಿ ನಾನು ಯಾರನ್ನೂ, ಯಾವುದನ್ನೂ ಅನುಮಾನಿಸುವುದಿಲ್ಲ!” ತೊಂಬತ್ತೆಂಟರ ಬೇಸಿಗೆ ರಜೆಯಲ್ಲಿ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನಿಂತು ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು.

“ಬಸ್ಸು ಬೆಂಗಳೂರಿಗೇ ಹೋಗ್ತದಾ ಅಂತ ಕಂಡಕ್ಟರನ್ನ ಮೂರು ಸಲ ಕೇಳಿದ್ರಲ್ಲ, ಅದೆಂಥದು?” ಎಂದಳು ಹೆಂಡತಿ ನೀಲಾಂಬಿಕ. ಸೊರಬದ ಕಡೆಯ ಜಡೆ ಎಂಬ ಊರಿನವಳು, ಬಿಡುವವಳಲ್ಲ.

“ಅದು ವಿಚಾರಣೆ ಕಣೇ, ಅನುಮಾನ ಅಲ್ಲ!”

ನನ್ನ ತಪ್ಪಾದರೂ ಏನು? ಅಂಬ್ಲಿಗೊಳ ಜಲಾಶಯದ ನಾಲೆಗೆ ನೀರು ಬಿಡುವ ಕೆಲಸ ನನ್ನದು. ತೂಬು ಮುಚ್ಚಿ ಬೆನ್ನು ತಿರುಗಿಸಿದರೆ ಸಾಕು, ನೀರಿಗಾಗಿ ಯಾರೋ ಕದ್ದು ಎತ್ತಿರುತ್ತಾರೆ. ಇಪ್ಪತ್ತು ವರ್ಷ ಹೀಗೇ ಕಳೆದವನಿಗೆ ನಂಬಿಕೆ ಎಲ್ಲಿಂದ ಬರಬೇಕು!

ನಾವು ಹೋದದ್ದು ಬೆಂಗಳೂರಿನ ಹತ್ತಿರದ ಒಂದು ನೀರಾಟದ ಪಾರ್ಕಿಗೆ. ಅಲ್ಲಿನ ಕೊಳದಲ್ಲಿ ಸಮುದ್ರದ ಹಾಗೆ ಅಲೆ ಬರುತ್ತದಂತೆ! “ನಾನು ಅಲೆ ಮೇಲೆ ತೇಲಿ ಬರ್ತೀನಿ” ಎಂದು ಮಗಳು ಗಂಗಾಶ್ರೀ ಐದನೇ ಕ್ಲಾಸಿಗೆಲ್ಲ ಸಾರಿದ್ದಳು. ಅಲೆ ಬರುವುದು ದಿನಕ್ಕೆ ಮೂರು ಸಲ, ಹತ್ತೇ ನಿಮಿಷ. ಮಧ್ಯಾಹ್ನದ್ದು ತಪ್ಪಿದರೆ ಮುಂದಿನದು ಸಂಜೆ. ಅಷ್ಟೊತ್ತಿಗೆ ನಾವು ವಾಪಸ್ ಬಸ್ಸಿನಲ್ಲಿರಬೇಕು.

ಸೊಂಟಮಟ್ಟದ ನೀರಿಗಿಳಿದೆ. ಅನುಮಾನ ಶುರುವಾಯಿತು. ಇಷ್ಟು ನೀರು ಎಲ್ಲಿಂದ ಬಂತು? ಮಟ್ಟ ಅಳೆಯುವ ಪಟ್ಟಿ ಇಲ್ಲ, ಹೆಚ್ಚಾದದ್ದು ಹರಿದುಹೋಗಲು ಕೋಡಿ ಇಲ್ಲ! ಎದುರಿನ ಗೋಡೆಯಲ್ಲಿ ಮಾತ್ರ ಕಬ್ಬಿಣದ ಸರಳಿನ ದೊಡ್ಡ ದೊಡ್ಡ ಕಿಂಡಿಗಳು.

“ಲೇ, ಅವು ತೂಬು ಅದಾವು!”

“ಎಂಥದೂ ಅಲ್ಲ ಮಾರಾಯ್ರೆ, ಸುಮ್ಮನೆ ನಿಂತ್ಕಳಿ.”

ಅಷ್ಟರಲ್ಲಿ ಸೈರನ್ ಕೂಗಿತು!

ನನ್ನ ಕೆಲಸದಲ್ಲಿ ಸೈರನ್ನಿಗೆ ಇರುವುದು ಒಂದೇ ಅರ್ಥ. ಗೇಟು ಎತ್ತಿದರು, ನೀರು ನುಗ್ಗುತ್ತದೆ! ಕಿಂಡಿಯೊಳಗೆ ಗುಡುಗುಡು ಸದ್ದೂ ಎದ್ದಿತು. ಮಗಳನ್ನು ಕಂಕುಳಿಗೆ ಎತ್ತಿಕೊಂಡವನೇ ಗಂಟಲು ಹರಿಯುವಂತೆ ಕೂಗಿದೆ. “ಗೇಟ್ ಎತ್ಯಾರ್ರಪ್ಪೋ! ದಡ ಹತ್ರೋ!”

ಮುನ್ನೂರು ಜನ ದಡಬಡನೆ ಓಡಿದರು! ಯಾರದೋ ಅಜ್ಜಿ ನನ್ನನ್ನೇ ಹಿಂದೆ ಹಾಕಿದರು. ಕಾವಲಿನವನು ಸೀಟಿ ಬಿಸಾಡಿ ಎಲ್ಲರಿಗಿಂತ ಮುಂದಿದ್ದ! ಆಮೇಲೆ ಅಲೆಗಳು ಬಂದವು. ಖಾಲಿ ಕೊಳದಲ್ಲಿ ಚೆಂದವಾಗಿ ಎದ್ದವು, ಬಿದ್ದವು. ಅವು ಬರೀ ಅಲೆ ಎಂದು ನಂಬಿ ನಾನು ಮಗಳನ್ನು ಕೆಳಗಿಳಿಸುವಷ್ಟರಲ್ಲಿ ಹತ್ತು ನಿಮಿಷ ಮುಗಿದು ನಿಂತೂಹೋದವು.

“ಅಪ್ಪಾ, ನನ್ನ ಅಲೆ!” ಗಂಗಾಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ನಾಚಿಕೆಗಿಂತ ಅದೇ ನನ್ನ ಕರುಳು ಹಿಂಡಿತು.

ಅಂದಿನಿಂದ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ “ದಡ ಹತ್ರೋ!” ಕಾಫಿ ಲೋಟ ತುಂಬಿ ಚೆಲ್ಲಿದರೆ “ಕೋಡಿ ಎಲ್ಲೈತಿ?” ನಮ್ಮ ಅತ್ತೆ ಜಡೆಯಿಂದ ಬಂದು ಬಸ್ಸಿಳಿದರೆ, ಮಗಳು ನನ್ನ ಕಿವಿಯಲ್ಲಿ “ಗೇಟ್ ಎತ್ಯಾರ್ರಪ್ಪೋ!” ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಮಗಳ ಅಲೆ.

ಮ್ಯಾನೇಜರ್ ಪರಮಶಿವಪ್ಪನವರಿಗೆ ಕೈಮುಗಿದೆ. “ಮಗುವಿಗೋಸ್ಕರ ಇನ್ನೊಂದು ಸಲ ಅಲೆ ಬಿಡಿಸ್ರಿ ಸಾರ್.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದರು. “ಬಿಡಿಸ್ತೀನಿ. ಮೊದ್ಲು ಒಂದು ಮುಚ್ಚಳಿಕೆ ಬರ್ಕೊಡಿ.”

ಮುಚ್ಚಳಿಕೆ! ತೂಬು ಎತ್ತಿದವರಿಂದೆಲ್ಲ ಬರೆಸಿಕೊಂಡ ನಾನು! ಅವರು ಹೇಳಿದರು, ನಾನು ಬರೆದೆ. ‘ಇಂದು ಸಂಜೆಯವರೆಗೆ ನಾನು ಯಾರ ಪ್ರಾಣವನ್ನೂ ಉಳಿಸುವುದಿಲ್ಲ.’

“ಸಾಕ್ಷಿ ರುಜು?”

ನೀಲಾಂಬಿಕ ಪೆನ್ನು ಕಿತ್ತುಕೊಂಡಳು. ‘ಇಂದು ಸಂಜೆಯವರೆಗೆ’ ಎಂಬುದನ್ನು ಹೊಡೆದುಹಾಕಿ ‘ಬದುಕಿರುವವರೆಗೆ’ ಎಂದು ತಿದ್ದಿದಳು. ಆಮೇಲೆ ರುಜು ಹಾಕಿದಳು!