ಗೋಡೆಗೊಂದು ಚಂದ್ರಿಕೆ

"ಇನ್ನು ಮುಂದೆ ಈ ಮನೆಗೆ ಕಾಲಿಟ್ಟವರು ಶಾಂತಿ ತಡೆಯಲಾರದೆ ಮೂರ್ಛೆ ಹೋಗಬೇಕು!" ಎಂದು ಕನಕರಾಜರು ಸೋಫಾದ ಮೇಲೆ ನಿಂತು ಘೋಷಿಸಿದರು. ನೆಲದ ಮೇಲೆ ನಿಲ್ಲಲು ಜಾಗವಿರಲಿಲ್ಲ.

ಚಿಂತಾಮಣಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವ ಕನಕರಾಜರಿಗೆ ಈ ಜ್ಞಾನೋದಯವಾದದ್ದು ಬೆಂಗಳೂರಿನಲ್ಲಿ, ಅದೂ ಸರ್ಕಾರದ ಖರ್ಚಿನಲ್ಲಿ. 'ಒತ್ತಡ ನಿರ್ವಹಣೆ' ಎಂಬ ಎರಡು ದಿನದ ತರಬೇತಿ. ಮೊದಲ ದಿನ ಊಟ ಚೆನ್ನಾಗಿತ್ತು. ಎರಡನೆಯ ದಿನ ಬಿಳಿ ಜುಬ್ಬದವರೊಬ್ಬರು ಬಂದು ಒಂದು ಮನೆಯ ಚಿತ್ರ ತೋರಿಸಿದರು. ಬಿಳಿ ಗೋಡೆ, ಬಿಳಿ ಪರದೆ, ನಡುವೆ ಒಂದು ಚಾಪೆ, ಗೋಡೆಗೆ ಒಂದೇ ಒಂದು ಹಳ್ಳಿಯ ಕೈಕೆಲಸದ ವಸ್ತು. "ಮನೆ ಖಾಲಿಯಾದಷ್ಟೂ ಮನಸ್ಸು ಹಗುರ" ಎಂದರು ಜುಬ್ಬದವರು. ಹದಿನಾಲ್ಕು ವರ್ಷದ ಕಡತಗಳನ್ನು ಮೇಜಿನ ಮೇಲೆ ಪೇರಿಸಿಕೊಂಡು, ಬಂದವರಿಗೆ ತಮ್ಮ ಹಣೆ ಮಾತ್ರ ಕಾಣುವಂತೆ ಕೂತು ಸೇವೆ ಸಲ್ಲಿಸುವ ಕನಕರಾಜರಿಗೆ ಮನೆ ಖಾಲಿ ಮಾಡಬೇಕೆಂಬುದು ಅಲ್ಲೇ ಹೊಳೆಯಿತು. ಮೇಜಿನ ವಿಚಾರ ಹೊಳೆಯಲಿಲ್ಲ.

"ಏನೇನು ತೆಗೀತೀರಾ?" ಎಂದು ಕೇಳಿದರು ಪತ್ನಿ ಜ್ಯೋತಿಲಕ್ಷ್ಮಿ, ಬಟ್ಟೆ ಮಡಚುತ್ತಾ.

"ಶೋಕೇಸು. ಅದರೊಳಗಿನ ಶೋಕ. ನಮ್ಮ ಮದುವೆಗೆ ಬಂದ ಏಳು ಗಡಿಯಾರ!"

ಆ ಏಳೂ ನಡೆಯುತ್ತಿದ್ದವು. ಏಳೂ ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ಜ್ಯೋತಿಲಕ್ಷ್ಮಿ ತಲೆಯೆತ್ತಿದರು.

"ನಮ್ಮಮ್ಮ ಕೊಟ್ಟ ದಿವಾನ?"

"ಅದೇ ಮೊದಲು!"

"ಮೊದಲು ಅಂದ್ರೆ?"

"ಮೊದಲು ಅಂದ್ರೆ... ಗೌರವದಿಂದ ಕಣೇ."

ದಿವಾನವೆಂದರೆ ಸಾಮಾನ್ಯದ್ದಲ್ಲ. ಮೂರು ಜನ ಉದ್ದಕ್ಕೆ ಮಲಗಬಹುದಾದ, ಆರು ಜನ ಎತ್ತಬೇಕಾದ ತೇಗದ ದಿವಾನ. ಮದುವೆಯ ದಿನ ಹಾಕಿದ ಪ್ಲಾಸ್ಟಿಕ್ ಕವರನ್ನು ಇಪ್ಪತ್ತೆರಡು ವರ್ಷದಿಂದ ಯಾರೂ ತೆಗೆದಿಲ್ಲ. ಕೂತರೆ ಕಿರುಗುಡುತ್ತದೆ, ಎದ್ದರೆ ಪಂಚೆಯನ್ನು ಹಿಡಿದುಕೊಳ್ಳುತ್ತದೆ. ಕೊಟ್ಟ ಅತ್ತೆ ವರಲಕ್ಷ್ಮಮ್ಮ ದಿಬ್ಬೂರಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಫೋನು ಮಾಡಿದಾಗಲೆಲ್ಲ ಮೊದಲು ದಿವಾನದ ಆರೋಗ್ಯ ವಿಚಾರಿಸಿ, ಆಮೇಲೆ ಅಳಿಯನಿಗೆ ಬರುತ್ತಾರೆ.

"ಸರಿ" ಎಂದರು ಜ್ಯೋತಿಲಕ್ಷ್ಮಿ. ಈ 'ಸರಿ'ಗೆ ಕನಕರಾಜರು ಹೆದರಬೇಕಿತ್ತು. "ಮೂವತ್ತು ದಿನ ಹಾಲ್‌ನ ಖಾಲಿ ಇಟ್ಟು ತೋರಿಸಿ. ಗೋಡೆಗೆ ನಿಮ್ಮ ಕೈಕೆಲಸ ಒಂದು ಇರ್ಲಿ. ಅದು ಬಿಟ್ಟು ಒಂದು ಸೂಜಿ ಒಳಗೆ ಬಂದ್ರೂ ದಿವಾನ, ಶೋಕೇಸು, ಏಳು ಗಡಿಯಾರ ಎಲ್ಲ ವಾಪಸ್. ಈ ಜನ್ಮದಲ್ಲಿ ಇನ್ನ ಶಾಂತಿ ಗೀಂತಿ ಅಂತ ಬಾಯಿ ಬಿಡಂಗಿಲ್ಲ."

"ಗೆದ್ರೆ?"

"ದಿವಾನ ಮಾರಿಬಿಡಿ. ಅಮ್ಮಂಗೆ ನಾನೇ ಹೇಳ್ತೀನಿ."

ಕನಕರಾಜರ ಮೈ ಜುಮ್ಮೆಂದಿತು. ದಿವಾನ ಮಾರುವುದಲ್ಲ, ಅದನ್ನು ಅತ್ತೆಗೆ ತಾನು ಹೇಳಬೇಕಿಲ್ಲದಿರುವುದು! ಇದಕ್ಕಿಂತ ದೊಡ್ಡ ಪಾರಿತೋಷಕ ಯಾವ ಸರ್ಕಾರ ಕೊಟ್ಟೀತು?

ಹಿಂದಿನ ಬೀದಿಯಲ್ಲಿ ಹಳೇ ಫರ್ನಿಚರ್ ಅಂಗಡಿ ಇಟ್ಟಿರುವ ಹುಸೇನ್ ಸಾಬರು ಕೈಗಾಡಿಯ ಜೊತೆ ಬಂದರು.

"ಅರೆ, ಟ್ರಾನ್ಸ್‌ಫರ್ ಆಯ್ತಾ ಸಾರ್?"

"ಇಲ್ಲ ಸಾಬ್ರೇ. ಮನೇಲಿ ಶಾಂತಿ ಬೇಕು."

ಸಾಬರು ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ಅದಕ್ಕೆ ಸಾಮಾನು ಯಾಕ್ ಕಳಿಸ್ತೀರಾ ಸಾರ್? ನೀವೇ ಬಂದು ನಮ್ಮ ಅಂಗಡೀಲಿ ಕೂತ್ಕೊಳ್ಳಿ."

ಮೂವತ್ತು ದಿನ ಏನನ್ನೂ ಮಾರಕೂಡದೆಂದು ಮಾತು ತೆಗೆದುಕೊಂಡು ಕನಕರಾಜರು ಎಲ್ಲವನ್ನೂ ಸಾಗಿಸಿದರು. ಗೋಡೆಗೆ ಸುಣ್ಣ ಬಿತ್ತು. ಕಿಟಕಿಗಳಿಗೆ ಬಿಳಿ ಬಲೆ ಬಂತು. ಟೀವಿ ಮಲಗುವ ಕೋಣೆಗೆ ಗಡಿಪಾರಾಯಿತು. 'ಘಾಟು ಮನಸ್ಸನ್ನು ಕದಡುತ್ತದೆ' ಎಂದು ಊದುಬತ್ತಿಯೂ ಬಂದ್. ಹಾಲ್‌ನಲ್ಲಿ ಈಗ ಕೆಮ್ಮಿದರೆ ಅದು ಮೂರು ಸಲ ಕೇಳಿಸುತ್ತಿತ್ತು.

"ಹಾಲ್ ಹೋಗಿ ಹಾಳುಮಂಟಪ ಆಯ್ತು" ಎಂದರು ಜ್ಯೋತಿಲಕ್ಷ್ಮಿ.

"ಪ, ಪ, ಪ" ಎಂದಿತು ಗೋಡೆ.

ಉಳಿದದ್ದು ಗೋಡೆಯ ಕೈಕೆಲಸ. ಕನಕರಾಜರಿಗೆ ಹೊಳೆದದ್ದು ಚಂದ್ರಿಕೆ. ಬಾಗಿಲಗಲದ ಬಿದಿರ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದದ್ದು. ಹಣ್ಣಾದ, ಎಂದರೆ ಮೇಯುವುದು ಮುಗಿಸಿದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವುದು ಅದರ ಮೇಲೆಯೇ. ಶಿಡ್ಲಘಟ್ಟದ ಕಡೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿ ಇದೆಂಥ ಕಲೆ ಎಂದು ಬೆರಗಾಗಿದ್ದರು. ಗೌರಿಬಿದನೂರು ಪೇಟೆಯಲ್ಲಿ ಹುಟ್ಟಿ ಬೆಳೆದ ಅವರಿಗೆ ರೇಷ್ಮೆಯೆಂದರೆ ಪಂಚೆಯ ರೂಪದಲ್ಲಿ ಮಾತ್ರ ಪರಿಚಯ.

ಭಾವಮೈದುನ ಬೀರೇಶನಿಗೆ ಫೋನು ಮಾಡಿದರು. ದಿಬ್ಬೂರಹಳ್ಳಿಯಲ್ಲಿ ತಾಯಿಯ ಜೊತೆ ಹುಳು ಸಾಕುವವನು ಅವನು.

"ಭಾವ, ಒಳ್ಳೆ ಟೈಮಿಗೆ ಮಾಡಿದ್ರಿ" ಎಂದು ಬೀರೇಶ ಗೋಳು ಶುರುಮಾಡಿದ. "ನಮ್ಮ ಹುಳದ ಮನೆ ಪಕ್ಕದಾಗೆ ಚಲಪತಿ ದ್ರಾಕ್ಷಿಗೆ ಔಷ್ದಿ ಹೊಡೀತೀನಿ ಅಂತ ಕೂತವ್ನೆ. ಗಾಳಿಗೆ ಒಂದು ಹನಿ ಬಂದ್ರೆ ಒಂದ್ ಹುಳನೂ ಉಳಿಯಲ್ಲ. ಹುಳ ನಾಲ್ಕನೇ ಜ್ವರ ಎದ್ದವೆ, ಇನ್ನ ಐದಾರು ದಿನಕ್ಕೆ ಹಣ್ಣಾಗ್ತವೆ. ಎಲ್ಲಿಗ್ ಸಾಗಿಸೋದು ಅಂತಾನೇ..."

ಜ್ವರ ಎಂದ ಕೂಡಲೇ ಕನಕರಾಜರು ಕೇಳುವುದನ್ನು ನಿಲ್ಲಿಸಿದರು. ಹುಳು ಪೊರೆ ಕಳಚುವುದನ್ನು ಅಲ್ಲಿ ಜ್ವರ ಎನ್ನುತ್ತಾರೆಂದು ಅವರಿಗೆ ತಿಳಿಯದು. ಯಾರಿಗೋ ಹುಷಾರಿಲ್ಲ ಎಂದುಕೊಂಡರು.

"ಡಾಕ್ಟ್ರಿಗೆ ತೋರ್ಸಪ್ಪ, ವಾಸಿ ಆಗತ್ತೆ. ಈಗ ಕೇಳು, ನನಗೆ ಚಂದ್ರಿಕೆ ಬೇಕಿತ್ತು."

ಗೋಡೆಗೆ ನೇತು ಹಾಕಲು ಎಂದು ಬಾಯಿಗೆ ಬಂದಿತ್ತು. ಹಳ್ಳಿಯವನು ನಕ್ಕುಬಿಟ್ಟರೆ? ನುಂಗಿಕೊಂಡು ಮುಂದುವರಿಸಿದರು: "ಹಾಲ್ ಪೂರ್ತಿ ಖಾಲಿ ಮಾಡಿಸಿದೀನಿ. ಸುಣ್ಣ ಹೊಡೆಸಿದೀನಿ. ಕಿಟಕಿಗೆಲ್ಲ ಬಲೆ. ಊದುಬತ್ತಿ ಕೂಡ ಹಚ್ಚಂಗಿಲ್ಲ."

ಆ ಕಡೆ ಬೀರೇಶ ಮೂಗೊರೆಸಿಕೊಂಡ.

"ಭಾವಾ... ನಮಗೋಸ್ಕರ ಇಷ್ಟೆಲ್ಲ ಮಾಡಿದೀರಾ?"

ಹಳ್ಳಿಯಲ್ಲೂ ಕಲಾಭಿರುಚಿ ಮೂಡುತ್ತಿದೆ ಎಂದು ಕನಕರಾಜರ ಎದೆಯುಬ್ಬಿತು. "ನಿಮಗೊಬ್ಬರಿಗೇ ಅಂತಲ್ಲ ಕಣಪ್ಪ. ಇಡೀ ಮನುಕುಲಕ್ಕೆ!"

ಈ ಸೀಮೆಯಲ್ಲಿ ಒಬ್ಬ ಗೃಹಸ್ಥ ಹಾಲ್ ಖಾಲಿ ಮಾಡಿ, ಸುಣ್ಣ ಬಳಿಸಿ, ಬಲೆ ಕಟ್ಟಿಸಿ, ಘಾಟು ನಿಲ್ಲಿಸಿ, ಮೇಲೆ ಚಂದ್ರಿಕೆಯನ್ನೂ ಕೇಳಿದನೆಂದರೆ ಅದಕ್ಕೆ ಒಂದೇ ಅರ್ಥ. ಅದು ಹತ್ತಿರದ ಸಾದಲಿ ಹಳ್ಳಿಯ ಕೂಸಿಗೂ ಗೊತ್ತು. ಗೊತ್ತಿಲ್ಲದವರು ಸೂಪರಿಂಟೆಂಡೆಂಟರೊಬ್ಬರೇ.

ಹನ್ನೊಂದನೆಯ ದಿನ ಬೆಳಗ್ಗೆ ಮನೆಯ ಮುಂದೆ ಟೆಂಪೋ ನಿಂತಿತು. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಸುಣ್ಣದ ಪುಡಿಯ ಚೀಲ ಇಟ್ಟುಕೊಂಡ ವರಲಕ್ಷ್ಮಮ್ಮ. ಹಿಂದೆ ಸ್ಟ್ಯಾಂಡುಗಳು, ತಟ್ಟೆಗಳು, ತಟ್ಟೆಗಳಲ್ಲಿ ಇಪ್ಪತ್ತು ಸಾವಿರ ಹುಳುಗಳು, ಹುಳುಗಳ ನಡುವೆ ಬೀರೇಶ.

ಅತ್ತೆ ಇಳಿದವರೇ ಖಾಲಿ ಹಾಲ್ ಕಂಡರು. ದಿವಾನವಿದ್ದ ಜಾಗ ಕಂಡರು. ಕನಕರಾಜರು ಬಾಗಿಲ ಹಿಂದಕ್ಕೆ ಸರಿದರು.

"ಅಯ್ಯೋ ನಾಯನಾ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಹುಳಕ್ಕೆ ಅಂತ ನನ್ನ ದಿವಾನ ಕೂಡ ಎತ್ತಿಟ್ಟು ಜಾಗ ಮಾಡವ್ರಲ್ಲಮ್ಮ ಜ್ಯೋತಿ! ಇಪ್ಪತ್ತೆರಡು ವರ್ಷ ಈಯಪ್ಪನ್ನ ನಾನು ತಪ್ಪು ತಿಳ್ಕಂಡಿದ್ದೆ!"

ಕನಕರಾಜರು ಹೆಂಡತಿಯನ್ನು ಅಡುಗೆಮನೆಗೆ ಎಳೆದರು. "ನಿಮ್ಮಮ್ಮಂಗೆ ನಿಜ ಹೇಳು!"

"ಏನಂತ? ನಿನ್ನ ದಿವಾನ ಇವರ ಕಣ್ಣಿಗೆ ಚುಚ್ತಿತ್ತು ಅಂತಲಾ? ಹೋಗಿ, ನೀವೇ ಹೇಳಿ. ನಾನು ಕಾಫಿಗಿಡ್ತೀನಿ."

ಕನಕರಾಜರು ಹಾಲ್‌ಗೆ ಹೋದರು. ಸ್ಟ್ಯಾಂಡು ಹಿಡಿದುಕೊಂಡರು.

"ಒಂದು ಸೂಜಿ ಅಂದಿದ್ದೆ" ಎಂದು ಕಾಫಿ ಕೊಡುವಾಗ ಜ್ಯೋತಿಲಕ್ಷ್ಮಿ ಮೆಲ್ಲಗೆ ನೆನಪಿಸಿದರು. "ಇಪ್ಪತ್ತು ಸಾವಿರ ಬಂತು."

"ಹುಳ ಸಾಮಾನಲ್ಲ, ಜೀವ!"

"ಸ್ಟ್ಯಾಂಡು?"

"ಅದು... ಜೀವದ ಆಧಾರ. ಲೆಕ್ಕಕ್ಕಿಲ್ಲ. ಇವು ಹೋದ ಮೇಲೆ ಹಾಲ್ ಮತ್ತೆ ಖಾಲಿ. ಪಂದ್ಯ ನಡೀತಿದೆ ಕಣೇ!"

"ಸರಿ" ಎಂದರು ಜ್ಯೋತಿಲಕ್ಷ್ಮಿ.

ಅಂದಿನಿಂದ ಮನೆಯಲ್ಲಿ ಅತ್ತೆಯ ಆಳ್ವಿಕೆ. ಸುಣ್ಣದ ಪುಡಿ ತುಳಿಯದೆ ಯಾರೂ ಒಳಗೆ ಬರುವಂತಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಹುಳಕ್ಕಾಗಲ್ಲ. ಸೊಳ್ಳೆಬತ್ತಿ ಹುಳಕ್ಕಾಗಲ್ಲ. ಮುಖಕ್ಕೆ ಪೌಡರ್ ಹಾಕಿಕೊಂಡು ಬಂದ ಅಳಿಯ ಹುಳಕ್ಕಾಗಲ್ಲ. ಸೊಪ್ಪು ಬಾಡದಿರಲು ತಂಪು ಜಾಗ ಬೇಕಲ್ಲವೇ? ಮಂಚದ ಮೇಲೆ ಒದ್ದೆ ಗೋಣಿ ಹೊದ್ದು ಹಿಪ್ಪುನೇರಳೆ ಸೊಪ್ಪು ಪವಡಿಸಿತು. ಸೂಪರಿಂಟೆಂಡೆಂಟರ ಹಾಸಿಗೆ ಅಡುಗೆಮನೆಗೆ, ಗ್ರೈಂಡರ್ ಪಕ್ಕಕ್ಕೆ ಬಂತು. ಹಾಲ್‌ನಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಹಿಡಿದಂತೆ ಬಿಡದೆ ಚರಚರ ಎನ್ನುತ್ತಿತ್ತು. ತರಬೇತಿಯಲ್ಲೂ ಜುಬ್ಬದವರು ಕಣ್ಣು ಮುಚ್ಚಿಸಿ ಟೇಪಿನಲ್ಲಿ ಇಂಥದೇ ಸದ್ದು ಕೇಳಿಸಿದ್ದರು. ಅದರ ಜೊತೆ "ಅಳಿಯಂದ್ರೇ, ಹುಳದ ಹಿಕ್ಕೆ ಎತ್ತಾಕಿ" ಎನ್ನುವ ದನಿ ಇರಲಿಲ್ಲ, ಅಷ್ಟೇ.

ಮಧ್ಯೆ ಭಾನುವಾರ ಬಂತು. ಆ ಭಾನುವಾರಕ್ಕೆ ಕನಕರಾಜರು ಕಚೇರಿಯ ನರೇಂದ್ರನನ್ನೂ ಅವನ ಹೆಂಡತಿ ಆಶಾರಾಣಿಯನ್ನೂ 'ಶಾಂತಿ ನೋಡಲು' ಕರೆದಿದ್ದರು. ಕರೆದದ್ದು ಹುಳುಗಳಿಗೆ ಮುಂಚೆ, ನೆನಪಾದದ್ದು ಕರೆಗಂಟೆ ಬಾರಿಸಿದ ಮೇಲೆ.

ಬಾಗಿಲಲ್ಲೇ ವರಲಕ್ಷ್ಮಮ್ಮ ಕೈ ಅಡ್ಡ ಹಿಡಿದರು. "ಸೆಂಟು ಹಾಕ್ಕಂಡಿದಿಯೇನಮ್ಮ? ಆಚೆನೇ ನಿಂತ್ಕೊ ತಾಯಿ. ಹುಳ ಹಣ್ಣಾಗವೆ."

ಆಶಾರಾಣಿ ಕಾಂಪೌಂಡಿನಲ್ಲೇ ಉಳಿದರು. ನರೇಂದ್ರ ಇಣುಕಿ ನೋಡಿದ.

"ಸಾರ್, ಮನೇಲಿ ಏನೂ ಇಲ್ಲ ಅಂದಿದ್ರಿ?"

"ಅದು... ಸ್ವಲ್ಪ ಒಳಗೆ ಬಾರಯ್ಯ."

ಹಣ್ಣಾದ ಹುಳು ಯಾವ ಸೂಪರಿಂಟೆಂಡೆಂಟರಿಗೂ ಕಾಯುವುದಿಲ್ಲ. ಅದೇ ದಿನ ಅಷ್ಟನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಬೀರೇಶ ಬಾಡಿಗೆಗೆ ತರಿಸಿದ ಚಂದ್ರಿಕೆಗಳು ಬಂದಿಳಿದವು. ಗೋಡೆಗೆ ಒಂದು ಬೇಕೆಂದವರ ಗೋಡೆಗೆ ಇಪ್ಪತ್ತೈದು ಒರಗಿದವು! ನರೇಂದ್ರ ಪ್ಯಾಂಟು ಮಡಚಿದ. ಗಾಡಿ ಬಾಡಿಗೆಯ ಬಾಕಿ ಕೇಳಲು ಬಂದಿದ್ದ ಹುಸೇನ್ ಸಾಬರು ಬಂದ ವಿಷಯ ಮರೆತು ಹುಳು ಆರಿಸಲು ಕೂತರು. ಬಣ್ಣ ತಿರುಗಿದ ಹುಳು ಬಿಟ್ಟು ಹಸೀ ಹುಳುಗಳನ್ನೇ ಆರಿಸಿದ್ದಕ್ಕೆ ಕನಕರಾಜರು ಮೂರು ಸಲ ಬೈಸಿಕೊಂಡರು. ಅದೂ ಸಹೋದ್ಯೋಗಿಯ ಮುಂದೆ.

ಐದು ದಿನಕ್ಕೆ ಇಪ್ಪತ್ತೈದು ಚಂದ್ರಿಕೆಯ ತುಂಬ ಹತ್ತಿಯಂಥ ಬಿಳಿ ಗೂಡುಗಳು. ಬೆಳೆ ಉಳಿಯಿತು. ಬೀರೇಶ ಭಾವನ ಕಾಲಿಗೆ ಬಿದ್ದು, ಗೂಡಿನ ಚೀಲಗಳನ್ನು ಟೆಂಪೋಗೆ ತುಂಬಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡಲು ಸಿದ್ಧನಾದ. ಹಾಲ್ ಗುಡಿಸಿ ಒರೆಸಿದ್ದಾಯಿತು. ಮತ್ತೆ ಬಿಳಿ, ಮತ್ತೆ ಖಾಲಿ! ಇನ್ನು ಎಂಟೇ ದಿನ. ಕನಕರಾಜರು ಚಾಪೆ ಹಾಸಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡರು.

ಹೊರಗಿನಿಂದ ಅತ್ತೆಯ ದನಿ ಕೇಳಿಸಿತು. "ಬೀರೇಶಾ, ಈ ಜಾಗದ ಗುಣ ನೋಡೋ. ಒಂದು ಹುಳ ಕೆಡಲಿಲ್ಲ. ಇನ್ನ ಮೇಲೆ ನಮ್ಮ ಹುಳದ ಮನೆ ಯಾಕೆ? ಎಲ್ಲಾ ಬೆಳೆನೂ ಅಳಿಯಂದ್ರ ಹಾಲ್‌ನಾಗೇ ಇಡೋಣ. ಹೆಂಗೂ ಖಾಲಿ ಬಿದ್ದಿರತ್ತೆ!"

"ಹದಿನೈದು ದಿನಕ್ಕೆ ಮರಿ ಹುಳ ತಂದುಬಿಡ್ತೀನಮ್ಮ" ಎಂದ ಬೀರೇಶ.

ಕನಕರಾಜರ ಕಣ್ಣು ತೆರೆಯಿತು. ಎದುರಿಗೆ ಜ್ಯೋತಿಲಕ್ಷ್ಮಿ ನಿಂತಿದ್ದರು, ಅಂಗೈಯಲ್ಲಿ ಒಂದು ಗೂಡು.

"ರೀ, ನಿಮ್ಮ ಜುಬ್ಬದವರು ತೋರಿಸಿದ ಮನೆ ಈ ಗೂಡಿನ ಥರಾನೇ ಅಲ್ವಾ ಇದ್ದಿದ್ದು? ಬಿಳೀ ಗೋಡೆ. ಒಳಗೆ ಒಂದು ಸಾಮಾನಿಲ್ಲ. ಒಬ್ಬನೇ ಶಾಂತವಾಗಿ ಕೂತವ್ನೆ."

"ಹೂಂ" ಎಂದರು ಕನಕರಾಜರು, ಅನುಮಾನದಿಂದ.

"ನಾಳೆ ಕುದಿಯೋ ನೀರಿಗೆ ಹಾಕಿ ನೂಲು ತೆಗೀತಾರೆ." ಗೂಡನ್ನು ಗಂಡನ ಕೈಗೆ ಕೊಟ್ಟು ಅವರು ಒಳಗೆ ನಡೆದರು. ಬಚ್ಚಲ ಕಡೆಯಿಂದ ದನಿ ಬಂತು: "ಸ್ನಾನಕ್ಕೆ ನೀರು ಕಾದಿದೆ, ಬನ್ನಿ."

ಕನಕರಾಜರು ಸ್ನಾನಕ್ಕೆ ಹೋಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನೂ ಮೆಟ್ಟದೆ, ಹಿಂದಿನ ಬೀದಿಗೆ ಓಡಿದರು. ಅಂಗಡಿಯಲ್ಲಿ ಹುಸೇನ್ ಸಾಬರು ಅದೇ ದಿವಾನದ ಮೇಲೆ ಹಾಯಾಗಿ ಒರಗಿದ್ದರು.

"ಸಾಬ್ರೇ, ಏಳಿ! ಗಾಡಿ ಕಟ್ಟಿ! ದಿವಾನ, ಶೋಕೇಸು, ಎಲ್ಲ ಈಗಲೇ ಹಾಲ್‌ಗೆ! ನಿಮ್ಮ ಹತ್ರ ಬೇರೆ ಬೀರು ಗೀರು ಇದ್ರೆ ಅದನ್ನೂ ತನ್ನಿ!"

ಸಾಬರು ಕಿರುಗುಡಿಸುತ್ತ ಎದ್ದು ಕೂತರು. "ಅರೆ ಸಾರ್, ಮೂವತ್ತು ದಿನ ಅಂದಿದ್ರಿ. ಇನ್ನೂ ಎಂಟು ದಿನ ಬಾಕಿ ಐತೆ."

ಕನಕರಾಜರು ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು.

"ಏಳು ಗಡಿಯಾರ ಇದಾವಲ್ಲ ಸಾಬ್ರೇ! ಯಾವುದಾದ್ರೂ ಒಂದರಲ್ಲಿ ಆಗಿರತ್ತೆ, ತುಂಬಿ!"